ನಾಲ್ಕು ಬುಟ್ಟಿ, ಒಂದೇ ಗಾಡಿ: ದಾವಣಗೆರೆಯ ಕಸ ಮತ್ತೆ ಒಂದಾಗುವುದು ಎಲ್ಲಿ?

2026ರ ಏಪ್ರಿಲ್ 1ರಿಂದ ದೇಶದಲ್ಲಿ ಹೊಸ ಘನತ್ಯಾಜ್ಯ ನಿರ್ವಹಣಾ ನಿಯಮ ಜಾರಿಗೆ ಬಂದಿದೆ. ಕೇಂದ್ರ ಪರಿಸರ ಸಚಿವಾಲಯ ಜನವರಿಯಲ್ಲೇ ಇದನ್ನು ಹೊರಡಿಸಿತ್ತು. ಹತ್ತು ವರ್ಷ ನಡೆದ 2016ರ ನಿಯಮದ ಜಾಗಕ್ಕೆ ಇದು ಬಂದಿದೆ. ಸುದ್ದಿ ಓದಿದವರ ಕಣ್ಣಿಗೆ ಮೊದಲು ಬಿದ್ದದ್ದು ಒಂದೇ ವಿಷಯ: ಮನೆಯ ಕಸವನ್ನು ಇನ್ನು ನಾಲ್ಕು ಪಾಲು ಮಾಡಿ ಕೊಡಬೇಕು.

ಗೊಂದಲ ಶುರುವಾಗಿದ್ದೂ ಅಲ್ಲೇ. ಹಸಿ, ಒಣ ಅಂತ ಎರಡು ಬುಟ್ಟಿ ಇಡಿ ಎಂದು ಇಷ್ಟು ವರ್ಷ ಹೇಳಿದರು. ಅದೇ ಇನ್ನೂ ಅರ್ಧ ಊರಿಗೆ ಅಭ್ಯಾಸ ಆಗಿಲ್ಲ. ಈಗ ನಾಲ್ಕು ಅಂದರೆ ಹೇಗೆ? ಇನ್ನೊಂದು ಮಾತು ನಿಟುವಳ್ಳಿಯಿಂದ ವಿನೋಬನಗರದವರೆಗೆ ಯಾವ ಬಡಾವಣೆಯಲ್ಲಿ ಕೇಳಿದರೂ ಬರುತ್ತದೆ: ನಾವು ಬೇರೆ ಮಾಡಿ ಕೊಟ್ಟರೂ ಗಾಡಿಯವರು ಎಲ್ಲಾ ಒಂದೇ ಕಡೆ ಸುರೀತಾರೆ, ಮತ್ತೆ ಯಾಕೆ ಸುಮ್ನೆ ಕಷ್ಟಪಡೋದು?

ಈ ಎರಡನೇ ಪ್ರಶ್ನೆಯೇ ನಿಜವಾದ ಪ್ರಶ್ನೆ. ನಿಯಮ ಅಡುಗೆಮನೆಯ ಬಗ್ಗೆ ಜಾಸ್ತಿ ಮಾತಾಡುತ್ತದೆ. ಆದರೆ ಅದು ಗೆಲ್ಲುವುದೋ ಸೋಲುವುದೋ ಗೊತ್ತಾಗುವುದು ಮನೆ ಬಾಗಿಲಿಗೆ ಬರುವ ಆಟೋ ಟಿಪ್ಪರಿನ ಹಿಂಭಾಗದಲ್ಲಿ. ಅಲ್ಲಿ ಏನಾಗುತ್ತದೆ, ಯಾಕೆ ಆಗುತ್ತದೆ ಎಂಬುದಕ್ಕೆ ಸರಳವಾದ ಒಂದು ಲೆಕ್ಕ ಇದೆ.

ನಾಲ್ಕು ಅಂದರೆ ಯಾವ ನಾಲ್ಕು?

ಮೊದಲನೆಯದು ಹಸಿ ಕಸ: ತರಕಾರಿ ಸಿಪ್ಪೆ, ಮಿಕ್ಕ ಅನ್ನ, ಮುಸುರೆ, ಹೂವು, ಎಲೆ. ಎರಡನೆಯದು ಒಣ ಕಸ: ಕಾಗದ, ಪ್ಲಾಸ್ಟಿಕ್, ಗಾಜು, ಲೋಹ, ರಟ್ಟು, ಹಳೇ ಬಟ್ಟೆ. ಮೂರನೆಯದು ಸ್ಯಾನಿಟರಿ ಕಸ, ಅಂದರೆ ಮಕ್ಕಳ ಡೈಪರ್, ಪ್ಯಾಡ್ ಇತ್ಯಾದಿ. ನಾಲ್ಕನೆಯದು ವಿಶೇಷ ಜಾಗ್ರತೆಯ ಕಸ: ಬಣ್ಣದ ಡಬ್ಬಿ, ಬಲ್ಬು, ಪಾದರಸದ ಥರ್ಮಾಮೀಟರ್, ಅವಧಿ ಮುಗಿದ ಔಷಧಿ.

ಕೇಳುವುದಕ್ಕೆ ದೊಡ್ಡದು, ಮಾಡುವುದಕ್ಕೆ ಅಷ್ಟಿಲ್ಲ. ನಾಲ್ಕನೆಯದು ಒಂದು ಮನೆಯಲ್ಲಿ ತಿಂಗಳಿಗೆ ನಾಲ್ಕೈದು ವಸ್ತು ಬಂದರೆ ಹೆಚ್ಚು. ಅದನ್ನು ದಿನಾ ಗಾಡಿಗೆ ಕೊಡಬೇಕಾಗಿಯೂ ಇಲ್ಲ. ಅಧಿಕೃತ ಸಂಸ್ಥೆಯವರು ಬಂದು ಒಯ್ಯಬೇಕು, ಇಲ್ಲವೇ ಗೊತ್ತುಪಡಿಸಿದ ಕೇಂದ್ರಕ್ಕೆ ನಾವೇ ಮುಟ್ಟಿಸಬೇಕು ಎನ್ನುತ್ತದೆ ನಿಯಮ. ಸ್ಯಾನಿಟರಿ ಕಸಕ್ಕೆ ಬುಟ್ಟಿಯೇ ಬೇಕೆಂದಿಲ್ಲ, ಭದ್ರವಾಗಿ ಸುತ್ತಿ ಬೇರೆ ಇಟ್ಟರೆ ಸಾಕು. ಹಾಗಾಗಿ ಮನೆಯಲ್ಲಿ ದಿನಬಳಕೆಗೆ ಒಂದು ಬುಟ್ಟಿ, ಒಂದು ಚೀಲ, ಒಂದು ಸಣ್ಣ ಪೊಟ್ಟಣ ಅಷ್ಟೇ.

ಇದು ತೀರಾ ಹೊಸದೂ ಅಲ್ಲ

ಕಸದ ಕಾನೂನಿಗೆ ಕಾಲು ಶತಮಾನ ಆಗಿದೆ. ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ನಂತರವೇ ದೇಶಕ್ಕೆ 2000ರಲ್ಲಿ ಮೊದಲ ನಗರ ಘನತ್ಯಾಜ್ಯ ನಿಯಮ ಬಂತು. ಕಸ ಸಾಗಿಸುವ ಗಾಡಿಗೆ ಮುಚ್ಚಳ ಇರಬೇಕು, ಕಸವನ್ನು ಒಂದು ಕಡೆ ಸುರಿದು ಮತ್ತೆ ಎತ್ತಿ ಮತ್ತೆ ಸುರಿಯುವ ಕೆಲಸ ತಪ್ಪಬೇಕು ಎಂದು ಆ ನಿಯಮವೇ ಹೇಳಿತ್ತು. 2016ರಲ್ಲಿ ಅದನ್ನು ಬಿಗಿ ಮಾಡಿದರು. ಹಸಿ, ಒಣ, ಮನೆಯ ಅಪಾಯಕಾರಿ ಕಸ ಎಂದು ಮೂರು ಪಾಲು ಬಂತು.

ನಮ್ಮದೇ ರಾಜ್ಯದ ಉದಾಹರಣೆ ಬೇಕಾದರೆ ಬೆಂಗಳೂರಿದೆ. ಅಲ್ಲಿ '2 ಬಿನ್ 1 ಬ್ಯಾಗ್' ಪದ್ಧತಿಗೆ ಹೈಕೋರ್ಟ್ 2015ರ ಡಿಸೆಂಬರಿನಲ್ಲಿ ಮುದ್ರೆ ಒತ್ತಿತು. ಹಸಿರು ಡಬ್ಬಿ ಹಸಿ ಕಸಕ್ಕೆ, ಕೆಂಪು ಡಬ್ಬಿ ಸ್ಯಾನಿಟರಿಯಂಥ ಕಸಕ್ಕೆ, ಚೀಲ ಒಣ ಕಸಕ್ಕೆ. ಹೊಸ ನಿಯಮ ಹೇಳುವುದು ಹೆಚ್ಚುಕಡಿಮೆ ಇದನ್ನೇ.

ತೊಟ್ಟಿ ಎಲ್ಲಿ ಹೋಯ್ತು?

ಹಿಂದೆ ಓಣಿಯ ಮೂಲೆಯಲ್ಲಿ ಸಿಮೆಂಟಿನ ತೊಟ್ಟಿ ಇರುತ್ತಿತ್ತು. ಆಮೇಲೆ ಕಬ್ಬಿಣದ ಕಂಟೇನರ್ ಬಂತು. ಈಗ ಎರಡೂ ಇಲ್ಲ, ಅದರ ಬದಲು ಬೆಳಗ್ಗೆ ಹಾಡು ಹಾಕಿಕೊಂಡು ಗಾಡಿ ಬರುತ್ತದೆ. ತೊಟ್ಟಿ ತೆಗೆದದ್ದೇ ತಪ್ಪು, ಅದಕ್ಕೇ ಜನ ಮೂಲೆಯಲ್ಲಿ ಎಸೀತಾರೆ ಎಂಬ ವಾದ ಬಹಳ ಕಡೆ ಕೇಳಿಬರುತ್ತದೆ.

ತೊಟ್ಟಿ ತೆಗೆದದ್ದಕ್ಕೆ ಕಾರಣ ಇತ್ತು. ನಮ್ಮ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ. ಅದರ ತೂಕದಲ್ಲಿ ಅರ್ಧಕ್ಕೂ ಮೀರಿ ನೀರೇ ಇರುತ್ತದೆ. ದಾವಣಗೆರೆಯ ಬೇಸಿಗೆಯಲ್ಲಿ ಅದು ಒಂದು ದಿನಕ್ಕೆ ಹುಳಿತು, ಎರಡನೇ ದಿನಕ್ಕೆ ನಾರುತ್ತದೆ. ನೊಣದ ಮೊಟ್ಟೆ ಒಂದು ದಿನದೊಳಗೆ ಒಡೆದು ಹುಳ ಆಗುತ್ತದೆ. ಎರಡು ದಿನಕ್ಕೊಮ್ಮೆ ಖಾಲಿಯಾಗುವ ತೊಟ್ಟಿ ಅಂದರೆ ನೊಣ ಸಾಕುವ ಜಾಗ. ಜೊತೆಗೆ ಹಂದಿ, ನಾಯಿ, ದನ. ಇನ್ನೂ ಮುಖ್ಯ ಕಾರಣ ಬೇರೆ: ತೊಟ್ಟಿಗೆ ಯಾರು ಏನು ಹಾಕಿದರು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಎರಡು ಬಣ್ಣದ ತೊಟ್ಟಿ ಇಟ್ಟರೂ ರಾತ್ರಿ ಹೊತ್ತು ಕಸ ಬೀಳುವುದು ಹತ್ತಿರ ಇರುವ ತೊಟ್ಟಿಗೆ.

ಆದರೆ ತೊಟ್ಟಿ ಒಂದು ಕೆಲಸವನ್ನಂತೂ ಚೆನ್ನಾಗಿ ಮಾಡುತ್ತಿತ್ತು, ಅದು ಕಾಯುತ್ತಿತ್ತು. ಬೆಳಗ್ಗೆ 5ಕ್ಕೆ ಕೂಲಿಗೆ ಹೋಗುವವರು, ರಾತ್ರಿ ಪಾಳಿ ಮುಗಿಸಿ ಬರುವವರು, ಸಂಜೆ ಅಂಗಡಿ ಮುಚ್ಚುವವರು ತಮಗೆ ಬಿಡುವಾದಾಗ ಕಸ ಹಾಕಬಹುದಿತ್ತು. ಗಾಡಿ ಕಾಯುವುದಿಲ್ಲ. ಅದು ಬರುವ ಹತ್ತು ನಿಮಿಷದಲ್ಲಿ ಮನೆಯಲ್ಲಿ ಯಾರಾದರೂ ಇರಬೇಕು. ಇಲ್ಲದಿದ್ದರೆ ಕಸ ಒಳಗೆ ಉಳಿಯುತ್ತದೆ, ಮರುದಿನ ವಾಸನೆ ಬರುತ್ತದೆ. ಮೂರನೇ ದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬೈಕಿನ ಹ್ಯಾಂಡಲ್‌ಗೆ ಸಿಕ್ಕಿಸಿದ ಚೀಲ ಎಲ್ಲೋ ಬೀಳುತ್ತದೆ. 'ಬ್ಲಾಕ್ ಸ್ಪಾಟ್' ಎಂದು ಪಾಲಿಕೆಗಳು ಕರೆಯುವ ಜಾಗಗಳಲ್ಲಿ ಒಂದು ಪಾಲು ಹೀಗೇ ಹುಟ್ಟಿದವು. ಅದನ್ನೆಲ್ಲ ಜನರ ಕೆಟ್ಟ ಬುದ್ಧಿ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸುಲಭ, ಆದರೆ ಅದು ಪೂರ್ತಿ ಸರಿಯಲ್ಲ.

ಕೆಜಿ ಲೆಕ್ಕ ಬೇರೆ, ಲೀಟರ್ ಲೆಕ್ಕ ಬೇರೆ

ಈಗ ಗಾಡಿಯ ವಿಷಯಕ್ಕೆ ಬರೋಣ. 2011ರ ಜನಗಣತಿಯಲ್ಲಿ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಈಗ ಖಂಡಿತ ಜಾಸ್ತಿಯಾಗಿದೆ, ಆದರೂ ಲೆಕ್ಕಕ್ಕೆ ಅದನ್ನೇ ಹಿಡಿಯೋಣ. ನಮ್ಮ ಮಧ್ಯಮ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 350 ಗ್ರಾಂ ಕಸ ಎನ್ನುವುದು ತೀರಾ ದೂರದ ಅಂದಾಜಲ್ಲ. ಗುಣಿಸಿದರೆ ದಿನಕ್ಕೆ 150 ಟನ್ನಿನ ಆಸುಪಾಸು. ಒಂದು ಮನೆಗೆ ನಾಲ್ಕೂವರೆ ಜನ ಅಂದರೆ ಒಂದೂವರೆ ಕೆಜಿಗಿಂತ ಸ್ವಲ್ಪ ಮೇಲೆ.

ಆ ಒಂದೂವರೆ ಕೆಜಿಯಲ್ಲಿ ಹಸಿ ಕಸ 900 ಗ್ರಾಂ, ಒಣ ಕಸ 300 ಗ್ರಾಂ, ಉಳಿದದ್ದು ಮಣ್ಣು, ಧೂಳು, ಸ್ಯಾನಿಟರಿ ಎಂದಿಟ್ಟುಕೊಳ್ಳಿ. ತೂಕದಲ್ಲಿ ಒಣ ಕಸ ಹಸಿಯ ಮೂರನೇ ಒಂದು ಪಾಲು. ಹೀಗಾಗಿ ಒಣ ಕಸ ಸಣ್ಣ ವಿಷಯ ಅನ್ನಿಸುತ್ತದೆ.

ಗಾಡಿ ತುಂಬುವುದು ಮಾತ್ರ ತೂಕದಿಂದಲ್ಲ. ಹಸಿ ಕಸ ಭಾರ, ಒತ್ತೊತ್ತಾಗಿ ಕೂರುತ್ತದೆ. 900 ಗ್ರಾಂ ಹಸಿ ಕಸಕ್ಕೆ ಎರಡು ಲೀಟರ್ ಜಾಗ ಸಾಕು. ಒಣ ಕಸ ಹಗುರ, ಗಾಳಿ ತುಂಬಿಕೊಂಡಿರುತ್ತದೆ. ಹಾಲಿನ ಕವರ್, ನೀರಿನ ಬಾಟಲಿ, ಆನ್‌ಲೈನ್ ಸಾಮಾನಿನ ರಟ್ಟಿನ ಡಬ್ಬಿ, ಮಂಡಕ್ಕಿ ಪೊಟ್ಟಣದ ಕಾಗದ ಎಲ್ಲ ಸೇರಿ 300 ಗ್ರಾಮಿಗೆ ನಾಲ್ಕು ಲೀಟರ್ ಬೇಕು. ಅಂದರೆ ತೂಕದಲ್ಲಿ ಮೂರನೇ ಒಂದು, ಜಾಗದಲ್ಲಿ ಎರಡು ಪಟ್ಟು. ಅಂಕಿ ಬಡಾವಣೆಯಿಂದ ಬಡಾವಣೆಗೆ ಹೆಚ್ಚುಕಡಿಮೆ ಆಗಬಹುದು. ಒಣ ಕಸಕ್ಕೇ ಜಾಗ ಜಾಸ್ತಿ ಬೇಕು ಅನ್ನುವುದಂತೂ ಎಲ್ಲಿ ಹೋದರೂ ಹಾಗೇ ಇರುತ್ತದೆ.

ಸಾಮಾನ್ಯ ಆಟೋ ಟಿಪ್ಪರಿನ ಪೆಟ್ಟಿಗೆಯಲ್ಲಿ ಸುಮಾರು 1,800 ಲೀಟರ್ ಜಾಗ. ಮಧ್ಯೆ ತಗಡು ಹಾಕಿ ಸರಿಯಾಗಿ ಅರ್ಧ ಮಾಡಿದರೆ ಒಂದೊಂದು ಕಡೆ 900 ಲೀಟರ್. ಹಸಿ ಕಸದ ಭಾಗ 450 ಮನೆಗೆ ಸಾಲುತ್ತದೆ. ಒಣ ಕಸದ ಭಾಗ 225ನೇ ಮನೆಗೇ ತುಂಬಿ ಹೋಗುತ್ತದೆ.

226ನೇ ಮನೆಯ ಮುಂದೆ ಲೋಡರ್, ಅಂದರೆ ಗಾಡಿಗೆ ಕಸ ತುಂಬುವವರು, ಏನು ಮಾಡಬೇಕು? ಅವರ ಕೈಯಲ್ಲಿ ಒಣ ಕಸದ ಚೀಲ ಇದೆ. ಒಣ ಭಾಗ ತುಂಬಿದೆ, ಹಸಿ ಭಾಗ ಅರ್ಧ ಖಾಲಿ. ಅರ್ಧ ಖಾಲಿ ಗಾಡಿಯನ್ನು ವಾಪಸ್ ತಿರುಗಿಸಿದರೆ ಡೀಸೆಲ್ ಲೆಕ್ಕ ಕೇಳುತ್ತಾರೆ. ಚೀಲ ಬೇಡ ಅಂದರೆ ಮನೆಯವರು ಜಗಳಕ್ಕೆ ಬರುತ್ತಾರೆ. ಉಳಿಯುವುದು ಒಂದೇ ದಾರಿ: ತಗಡಿನ ಆ ಕಡೆಗೆ ಎಸೆಯುವುದು. ಗಾಡಿಯವರು ಎಲ್ಲಾ ಒಂದೇ ಕಡೆ ಸುರೀತಾರೆ ಎಂಬ ದೂರು ಸುಳ್ಳಲ್ಲ. ಆದರೆ ಅದನ್ನು ಸೋಮಾರಿತನ ಎಂದು ಓದಿದರೆ ತಪ್ಪಾಗುತ್ತದೆ. ಆ ಪೆಟ್ಟಿಗೆಯನ್ನು ಮಧ್ಯಕ್ಕೆ ಸೀಳಿದವರು ಲೀಟರಿನಲ್ಲಿ ಯೋಚಿಸಿರಲಿಲ್ಲ, ಅಷ್ಟೇ.

ದಾರಿ ಇದೆ, ಅದು ಗಾಡಿಗಿಂತ ದಿನಕ್ಕೆ ಸಂಬಂಧಿಸಿದ್ದು. ಒಣ ಕಸ ನಾರುವುದಿಲ್ಲ. ದಿನಾ ಒಯ್ಯುವ ಅಗತ್ಯವೇ ಇಲ್ಲ. ದಿನಕ್ಕೆ ನಾಲ್ಕು ಲೀಟರ್ ಅಂದರೆ ವಾರಕ್ಕೆ 28 ಲೀಟರ್. 25 ಕೆಜಿ ಅಕ್ಕಿ ಚೀಲದಲ್ಲಿ ಇಡೀ ವಾರದ ಒಣ ಕಸ ಹಿಡಿಯುತ್ತದೆ. ವಾರಕ್ಕೆ ಎರಡು ದಿನ ಒಣ ಕಸಕ್ಕೆಂದೇ ಎತ್ತರದ ಜಾಲರಿ ಕಟ್ಟಿದ ಬೇರೆ ಗಾಡಿ ಬಂದರೆ, ದಿನಾ ಬರುವ ಗಾಡಿ ಹಸಿ ಕಸಕ್ಕೆ ಪೂರ್ತಿ ಸಿಗುತ್ತದೆ. ಗಾಡಿಯ ಪಕ್ಕಕ್ಕೆ ಸ್ಯಾನಿಟರಿ ಪೊಟ್ಟಣಕ್ಕೆ ಒಂದು ಮುಚ್ಚಿದ ಡಬ್ಬ ಸಿಕ್ಕಿಸಿದರೆ ಮೂರನೆಯದೂ ಮುಗಿಯಿತು. ಬೆಂಗಳೂರಿನಲ್ಲಿ ಒಣ ಕಸಕ್ಕೆ ಬೇರೆ ದಿನ ಎಂಬ ಏರ್ಪಾಟು ಆಗಿತ್ತು.

ಒಂದು ಮನೆಗೆ ಎಷ್ಟು ಸೆಕೆಂಡ್?

ಸಮಯದ ಲೆಕ್ಕವೂ ಹೀಗೇ. 450 ಮನೆಗೆ ಒಂದೊಂದಕ್ಕೆ 30 ಸೆಕೆಂಡ್ ಹಿಡಿದರೆ 3 ಗಂಟೆ 45 ನಿಮಿಷ. ಬೆಳಗ್ಗೆ ಆರೂವರೆಗೆ ಹೊರಟ ಗಾಡಿ ಹತ್ತೂಕಾಲಕ್ಕೆ ಮುಗಿಸುತ್ತದೆ. ನಾಲ್ಕು ಥರದ ಕಸವನ್ನು ಒಂದೇ ಸಲ ತೆಗೆದುಕೊಂಡು, ನೋಡಿ, ಬೇರೆ ಬೇರೆ ಕಡೆ ಹಾಕಲು ಒಂದು ಮನೆಗೆ 45 ಸೆಕೆಂಡ್ ಆದರೆ ಐದೂವರೆ ಗಂಟೆ ದಾಟುತ್ತದೆ. ಗಾಡಿ ಮುಗಿಸುವಾಗ ಮಧ್ಯಾಹ್ನ 12. ಅಷ್ಟು ಹೊತ್ತಿಗೆ ಕೊನೆಯ ನೂರು ಮನೆಗಳಿಗೆ ಬೀಗ ಬಿದ್ದಿರುತ್ತದೆ. ಆ ಮನೆಗಳ ಕಸ ಎಲ್ಲಿಗೆ ಹೋಗುತ್ತದೆ ಎಂದು ಆಗಲೇ ನೋಡಿದೆವು.

ಹಳೇ ದಾವಣಗೆರೆಯ ಓಣಿಗಳಲ್ಲಿ ಇನ್ನೊಂದು ಕಷ್ಟ. ಆಟೋ ಟಿಪ್ಪರ್ ಒಳಗೆ ಹೋಗುವುದೇ ಇಲ್ಲದ ಕಡೆ ತಳ್ಳುಗಾಡಿ ಬೇಕು. ತಳ್ಳುಗಾಡಿಯಲ್ಲಿ ಬೇರೆ ಬೇರೆ ಡಬ್ಬ ಇಡದೆ ಒಂದೇ ತೊಟ್ಟಿ ಇಟ್ಟರೆ, ಗಾಡಿಗೆ ಬರುವ ಮೊದಲೇ ಕಸ ಒಂದಾಗಿರುತ್ತದೆ.

ಕಂಪ್ಯಾಕ್ಟರ್ ಎಂಬ ಎರಡನೇ ಬಲೆ

ಆಟೋ ಟಿಪ್ಪರಿನಲ್ಲಿ ಕಸ ಬೇರೆಯಾಗಿಯೇ ಬಂತು ಅಂದುಕೊಳ್ಳೋಣ. ಎಷ್ಟೋ ನಗರಗಳಲ್ಲಿ ಆಟೋ ಟಿಪ್ಪರ್ ಸೀದಾ ಕಸ ಸಂಸ್ಕರಿಸುವ ಘಟಕಕ್ಕೆ ಹೋಗುವುದಿಲ್ಲ. ರಸ್ತೆ ಬದಿಯ ಒಂದು ಜಾಗದಲ್ಲಿ ಕಂಪ್ಯಾಕ್ಟರ್, ಅಂದರೆ ಕಸವನ್ನು ಒತ್ತಿ ತುಂಬುವ ದೊಡ್ಡ ಲಾರಿ ನಿಂತಿರುತ್ತದೆ. ಹತ್ತಾರು ಟಿಪ್ಪರ್‌ಗಳು ಅದರ ಬಾಯಿಗೆ ಸುರಿದು ಮತ್ತೆ ಓಣಿಗೆ ಮರಳುತ್ತವೆ. ಡೀಸೆಲ್ ಉಳಿತಾಯಕ್ಕೆ ಇದು ಸರಿಯಾದ ಯೋಚನೆ. ಆದರೆ ಕಂಪ್ಯಾಕ್ಟರಿಗೆ ಬಾಯಿ ಒಂದೇ. ಅದು ಕಸವನ್ನು ಮೂರು ಪಟ್ಟು ಒತ್ತುತ್ತದೆ. ಟೊಮೆಟೊ, ಕಾಗದ, ಡೈಪರ್, ಗಾಜು ಎಲ್ಲವೂ ಸೇರಿ ಒಂದು ಮುದ್ದೆ. ಒದ್ದೆಯಾದ ಕಾಗದವನ್ನು ಗುಜರಿಯವರೂ ಕೊಳ್ಳುವುದಿಲ್ಲ. ಗಾಜಿನ ಚೂರು ಸೇರಿದ ಗೊಬ್ಬರವನ್ನು ರೈತ ಹೊಲದೊಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಸುತ್ತಲೂ ಭದ್ರಾ ಅಚ್ಚುಕಟ್ಟಿನ ಗದ್ದೆ, ಚನ್ನಗಿರಿ ಕಡೆಯ ಅಡಿಕೆ ತೋಟ, ಗೊಬ್ಬರಕ್ಕೆ ಗಿರಾಕಿಗೇನೂ ಬರ ಇಲ್ಲ. ಬರ ಇರುವುದು ಗಾಜು, ಪ್ಲಾಸ್ಟಿಕ್ ಇಲ್ಲದ ಗೊಬ್ಬರಕ್ಕೆ.

ಇಲ್ಲಿ ದಾವಣಗೆರೆಗೆ ಒಂದು ಅನುಕೂಲ ಇದೆ. ನಗರದ ಕಸ ಹೋಗುವ ಆವರಗೊಳ್ಳದ ಜಾಗ ಊರಿನಿಂದ ಬಹಳ ದೂರ ಇಲ್ಲ. ಬೆಂಗಳೂರಿನಂತೆ ಹತ್ತಾರು ಕಿಲೋಮೀಟರ್ ಓಡಬೇಕಾಗಿಲ್ಲ. ದೂರ ಕಡಿಮೆ ಇದ್ದಾಗ ಹಸಿ ಕಸವನ್ನು ಸಣ್ಣ ಗಾಡಿಯಲ್ಲೇ ಸೀದಾ ಒಯ್ಯುವುದು ಅಷ್ಟೇನೂ ದುಬಾರಿಯಲ್ಲ. ದೊಡ್ಡ ಗಾಡಿಗೆ ಬದಲಿಸಲೇಬೇಕು ಎಂದಾದರೆ ಒಂದು ಹಸಿಗೆ, ಒಂದು ಒಣಕ್ಕೆ ಎಂದು ಎರಡು ಬೇರೆ ಕಂಟೇನರ್ ಇಡಬೇಕು.

ಟನ್ನಿಗೆ ಇಷ್ಟು ಎಂಬ ಬಿಲ್ಲು

ಯಾರೂ ಜಾಸ್ತಿ ಮಾತಾಡದ ಒಂದು ವಿಷಯ ಇದು. ದೇಶದ ಹಲವು ಊರುಗಳಲ್ಲಿ ಕಸ ಸಾಗಣೆಯ ಗುತ್ತಿಗೆದಾರರಿಗೆ ತೂಕದ ಮೇಲೆ ಹಣ ಕೊಡುತ್ತಾರೆ. ತೂಕಸೇತುವೆಯ ಚೀಟಿಯೇ ಬಿಲ್ಲು. ತೂಕಕ್ಕೆ ಹಣ ಅಂದರೆ ಏನಾಗುತ್ತದೆ? ಹಸಿಯಾದಷ್ಟೂ ಲಾಭ, ಮಣ್ಣು ಸೇರಿದಷ್ಟೂ ಲಾಭ. ಹಗುರವಾದ ಒಣ ಕಸ ಗಾಡಿಯ ಜಾಗ ತಿನ್ನುತ್ತದೆ, ಹಣ ತರುವುದಿಲ್ಲ. ಕಸ ಬೇರೆ ಮಾಡುವವನಿಗೆ ನಷ್ಟ, ಬೆರೆಸುವವನಿಗೆ ಲಾಭ. ಇಂಥ ಗುತ್ತಿಗೆ ಇಟ್ಟುಕೊಂಡು ಮನೆ ಮನೆಗೆ ಕರಪತ್ರ ಹಂಚಿದರೆ ಏನು ಪ್ರಯೋಜನ? ಟನ್ನಿನ ಬದಲು ಎಷ್ಟು ಮನೆಯಿಂದ ಬೇರೆ ಮಾಡಿದ ಕಸ ಬಂತು ಎಂಬುದರ ಮೇಲೆ ಹಣ ಕೊಟ್ಟರೆ ಇದೇ ಗುತ್ತಿಗೆದಾರ ಮರುದಿನವೇ ಬೇರೆ ಮಾಡಲು ಶುರು ಮಾಡುತ್ತಾನೆ.

ಯಾರು ಏನು ಹೇಳುತ್ತಾರೆ?

ತೆರಿಗೆ ಕಟ್ಟುವವರ ವಾದ ಸರಳ. ಆಸ್ತಿ ತೆರಿಗೆಯ ಜೊತೆ ಘನತ್ಯಾಜ್ಯ ಉಪಕರ ಆಗಲೇ ಕಟ್ಟುತ್ತಿದ್ದೇವೆ. ಕೆಲಸವೂ ನಮ್ಮದು, ದುಡ್ಡೂ ನಮ್ಮದು, ದಂಡವೂ ನಮಗೇನಾ? ಈ ಸಿಟ್ಟಿನಲ್ಲಿ ನ್ಯಾಯ ಇದೆ. ಬೇರೆ ಮಾಡಿ ಕೊಟ್ಟ ಮನೆಗೂ ಬೆರೆಸಿ ಕೊಟ್ಟ ಮನೆಗೂ ಒಂದೇ ಉಪಕರ ಇದ್ದರೆ ಬೇರೆ ಮಾಡುವುದಕ್ಕೆ ಉತ್ಸಾಹ ಎಲ್ಲಿಂದ ಬರಬೇಕು?

ನಗರಾಡಳಿತಗಳ ವಾದ: ಉಪಕರದಿಂದ ಬರುವ ಹಣ ಸಾಲುವುದಿಲ್ಲ, ಜನ ಬೆರೆಸಿಯೇ ಕೊಡುತ್ತಾರೆ, ಬೆರೆಸಿ ಕೊಟ್ಟದ್ದನ್ನು ಗಾಡಿಯಲ್ಲಿ ಬೇರೆ ಮಾಡಲು ಆಗುವುದಿಲ್ಲ. ಇದೂ ಸುಳ್ಳಲ್ಲ. ಜನರೂ ಪಾಲಿಕೆಯೂ ಒಬ್ಬರನ್ನೊಬ್ಬರು ಕಾಯುತ್ತಾ ಕೂತಿದ್ದಾರೆ. ಮೊದಲ ಹೆಜ್ಜೆ ಗಾಡಿಯಿಂದಲೇ ಆಗಬೇಕು ಎಂಬುದು ಈ ಲೇಖನದ ಅಭಿಪ್ರಾಯ. ಯಾಕೆಂದರೆ ಒಂದು ಲಕ್ಷ ಮನೆಯ ಅಭ್ಯಾಸ ಬದಲಿಸುವುದಕ್ಕಿಂತ ನೂರಿನ್ನೂರು ಗಾಡಿಗಳ ವೇಳಾಪಟ್ಟಿ ಬದಲಿಸುವುದು ಸುಲಭ. ತಮ್ಮ ಒಣ ಚೀಲ ಬೇರೆ ಗಾಡಿಗೆ ಹೋಗುವುದನ್ನು ಕಣ್ಣಾರೆ ಕಂಡವರು ಮುಂದಿನ ವಾರವೂ ಬೇರೆ ಮಾಡುತ್ತಾರೆ.

ಮೂರನೆಯವರು ಕೆಲಸಗಾರರು. ರಾಜ್ಯದಲ್ಲಿ 700 ಜನರಿಗೆ ಒಬ್ಬ ಪೌರಕಾರ್ಮಿಕ ಎಂಬ ಲೆಕ್ಕ ಇದೆ. 2011ರ ಜನಸಂಖ್ಯೆಗೇ ದಾವಣಗೆರೆಗೆ 620 ಜನ ಬೇಕು. ರಸ್ತೆ ಗುಡಿಸುವ ಪೌರಕಾರ್ಮಿಕರಲ್ಲಿ ಅನೇಕರಿಗೆ ನೇರ ಪಾವತಿ, ಕಾಯಂ ನೌಕರಿ ಎಂದು ಸ್ವಲ್ಪ ಭದ್ರತೆ ಬಂದಿದೆ. ಗಾಡಿಯ ಚಾಲಕ, ಲೋಡರ್ ಮಾತ್ರ ಬಹಳ ಊರುಗಳಲ್ಲಿ ಹೊರಗುತ್ತಿಗೆಯಲ್ಲೇ ಇದ್ದಾರೆ. ತಮಗೂ ನೇರ ಪಾವತಿ ಬೇಕೆಂದು ಅವರು ರಾಜ್ಯದಾದ್ಯಂತ ಹಲವು ಸಲ ಮುಷ್ಕರ ಮಾಡಿದ್ದಾರೆ. ಹೊಸ ನಿಯಮದ ಭಾರವೆಲ್ಲ ಬೀಳುವುದು ಇವರ ಹೆಗಲ ಮೇಲೆ. ಚೀಲ ಬಿಚ್ಚಿ ನೋಡುವವರು, ಬೇರೆ ಮಾಡಿಲ್ಲ ಎಂದು ಮನೆಯವರ ಹತ್ತಿರ ಹೇಳಿ ಬೈಸಿಕೊಳ್ಳುವವರು ಇವರೇ. ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂಬ ಭಯದಲ್ಲಿರುವವರು ಎಂ.ಸಿ.ಸಿ. ಬಿ ಬ್ಲಾಕಿನ ದೊಡ್ಡ ಗೇಟಿನ ಮುಂದೆ ನಿಂತು 'ಹೀಗೆ ಕೊಟ್ಟರೆ ತಗೊಳ್ಳಲ್ಲ' ಎನ್ನುತ್ತಾರಾ?

ಹಳ್ಳಿಗಳ ಕಡೆ ಇದಕ್ಕೆ ಚಂದದ ಒಂದು ಉತ್ತರ ಇದೆ. ರಾಜ್ಯದ ಬಹಳ ಗ್ರಾಮ ಪಂಚಾಯಿತಿಗಳಲ್ಲಿ 'ಸ್ವಚ್ಛ ವಾಹಿನಿ' ಗಾಡಿಯನ್ನು ಸ್ವಸಹಾಯ ಸಂಘದ ಹೆಣ್ಣುಮಕ್ಕಳೇ ಓಡಿಸುತ್ತಾರೆ. ಗಾಡಿಯಲ್ಲಿರುವವರು ಅದೇ ಊರಿನವರು, ಅಡುಗೆಮನೆಯ ಕಸ ಏನೆಂದು ಬಲ್ಲವರು. ಅವರು ಒಂದು ಮಾತು ಹೇಳಿದರೆ ಎದುರು ಮನೆಯವರು ಕೇಳುತ್ತಾರೆ.

ಛತ್ರ, ಹಾಸ್ಟೆಲ್, ತರಕಾರಿ ಮಾರ್ಕೆಟ್

ಹೊಸ ನಿಯಮದ ನಿಜವಾದ ಪೆಟ್ಟು ಮನೆಗಳಿಗಲ್ಲ, ದೊಡ್ಡ ಪ್ರಮಾಣದಲ್ಲಿ ಕಸ ಮಾಡುವವರಿಗೆ. ಕಟ್ಟಡದ ವಿಸ್ತೀರ್ಣ 20,000 ಚದರ ಮೀಟರ್ ಅಥವಾ ಜಾಸ್ತಿ ಇರಬೇಕು, ಅಥವಾ ದಿನಕ್ಕೆ 40,000 ಲೀಟರ್ ನೀರು ಬಳಸಬೇಕು, ಅಥವಾ ದಿನಕ್ಕೆ 100 ಕೆಜಿ ಕಸ ಬರಬೇಕು. ಮೂರರಲ್ಲಿ ಒಂದು ಆದರೂ ನೀವು ಆ ಪಟ್ಟಿಗೆ ಸೇರುತ್ತೀರಿ. ಅಂಥವರು ಹಸಿ ಕಸವನ್ನು ಆದಷ್ಟು ತಮ್ಮ ಜಾಗದಲ್ಲೇ ಗೊಬ್ಬರವೋ ಗ್ಯಾಸೋ ಮಾಡಿಕೊಳ್ಳಬೇಕು. ಆಗದಿದ್ದರೆ ಅದಕ್ಕೆ ಬದಲಾಗಿ ಹಣ ಕೊಟ್ಟು ಪ್ರಮಾಣಪತ್ರ ಪಡೆಯಬೇಕು.

ದಾವಣಗೆರೆ ಕಾಲೇಜುಗಳ ಊರು. ಹಾಸ್ಟೆಲ್ ಬಹಳ. 300 ಹುಡುಗರಿರುವ ಹಾಸ್ಟೆಲಿನಲ್ಲಿ ಒಬ್ಬರಿಗೆ 350 ಗ್ರಾಂ ಅಂದರೂ 100 ಕೆಜಿ ದಾಟಿತು. ಕಲ್ಯಾಣ ಮಂಟಪದಲ್ಲಿ ಸಾವಿರ ಜನರ ಮದುವೆ ಊಟ, ಎಲೆಗೆ 200 ಗ್ರಾಂ ಮಿಕ್ಕರೆ 200 ಕೆಜಿ. ಬೆಣ್ಣೆ ದೋಸೆಯ ಸಣ್ಣ ಹೋಟೆಲುಗಳು ಬಹುಶಃ ಈ ಗೆರೆಯ ಕೆಳಗೇ ಉಳಿಯುತ್ತವೆ. ಆದರೆ ಛತ್ರಗಳ ಮಾಲೀಕರು ಇನ್ನು ತಪ್ಪಿಸಿಕೊಳ್ಳಲಾರರು. ಅವರ ತಕರಾರಿನಲ್ಲೂ ಹುರುಳಿದೆ: ಮದುವೆ ಇರುವುದು ವರ್ಷದಲ್ಲಿ ಕೆಲವು ತಿಂಗಳು, ಆಷಾಢದಲ್ಲಿ ಗೊಬ್ಬರದ ಯಂತ್ರ ತುಕ್ಕು ಹಿಡಿಯುತ್ತದೆ. ಇಂಥವರಿಗೆ ಒಟ್ಟಾಗಿ ಒಂದು ಘಟಕ ಇದ್ದರೆ ವಾಸಿ. ಎಳನೀರು ಬುರುಡೆ ಅಂತ ಇನ್ನೊಂದು ತಲೆನೋವಿದೆ. ಅದು ಹಸಿಯೂ ಹೌದು, ಆದರೆ ಬೇಗ ಕೊಳೆಯುವುದಿಲ್ಲ, ಗಾಡಿಯ ಜಾಗ ಎಲ್ಲಾ ತಿನ್ನುತ್ತದೆ. ಬೇಸಿಗೆಯಲ್ಲಿ ಅದಕ್ಕೇ ಒಂದು ಗಾಡಿ ಬೇಕು.

ದೊಡ್ಡವರ ಹಸಿ ಕಸ ಅವರಲ್ಲೇ ಉಳಿದರೆ ಪಾಲಿಕೆಯ ಗಾಡಿಗಳ ಒಂದಷ್ಟು ಟ್ರಿಪ್ ಉಳಿಯುತ್ತದೆ. ಆ ಟ್ರಿಪ್‌ಗಳನ್ನೇ ಮನೆಗಳ ಒಣ ಕಸಕ್ಕೆ ತಿರುಗಿಸಬಹುದು. ನಿಯಮದಲ್ಲಿ ನನಗೆ ಅತಿ ಉಪಯುಕ್ತ ಅನ್ನಿಸಿದ ಭಾಗ ಇದು, ಸುದ್ದಿಯಲ್ಲಿ ಮಾತ್ರ ಬುಟ್ಟಿಯ ಬಣ್ಣವೇ ಜಾಸ್ತಿ ಬಂತು. ಮನೆ ಕೆಡವಿದ ಇಟ್ಟಿಗೆ, ಗಾರೆಯ ಕಸಕ್ಕೆ ಬೇರೆಯೇ ನಿಯಮ ಇದೆ, ಅದನ್ನು ಈ ಲೆಕ್ಕಕ್ಕೆ ತರುವುದು ಬೇಡ.

ಬೆರೆಸಿಯೇ ಕಳಿಸಿದರೆ ಏನಾಗುತ್ತದೆ?

ಮೊದಲನೆಯದು ದುಡ್ಡು. ಬೇರೆ ಮಾಡದ ಕಸವನ್ನು ನೆಲಭರ್ತಿಗೆ (ಕಸ ಸುರಿದು ಮುಚ್ಚುವ ಜಾಗಕ್ಕೆ) ಕಳಿಸುವ ನಗರಾಡಳಿತ ಹೆಚ್ಚು ಶುಲ್ಕ ಕಟ್ಟಬೇಕು. ಬೇರೆ ಮಾಡಿ, ಸಾಗಿಸಿ, ಸಂಸ್ಕರಿಸುವ ಖರ್ಚಿಗಿಂತ ಆ ಶುಲ್ಕ ಜಾಸ್ತಿ ಇರಬೇಕು ಎಂದು ನಿಯಮವೇ ಹೇಳಿದೆ. ಬೆರೆಸಿ ಸುರಿಯುವುದು ಇಷ್ಟು ದಿನ ಅಗ್ಗದ ದಾರಿಯಾಗಿತ್ತು, ಇನ್ನು ಅದೇ ದುಬಾರಿ. ಕೆಟ್ಟ ನಿರ್ವಹಣೆಗೆ, ಸುಳ್ಳು ವರದಿಗೆ ಪರಿಸರ ಪರಿಹಾರದ ದಂಡವೂ ಇದೆ. ಇದು ಬರೀ ಬೆದರಿಕೆ ಅನ್ನುವ ಹಾಗಿಲ್ಲ. ತ್ಯಾಜ್ಯ ನಿರ್ವಹಣೆಯಲ್ಲಿನ ಲೋಪಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರಿನಲ್ಲಿ ಕರ್ನಾಟಕಕ್ಕೆ 2,900 ಕೋಟಿ ರೂಪಾಯಿ ಪರಿಹಾರ ವಿಧಿಸಿತ್ತು. ಶುಲ್ಕವಾಗಲಿ ದಂಡವಾಗಲಿ, ಕೊನೆಗೆ ಬರುವುದು ತೆರಿಗೆ ಹಣದಿಂದಲೇ ಅಲ್ವಾ?

ಎರಡನೆಯದು ಬೆಂಕಿ. ಹಸಿ ಕಸ ರಾಶಿಯ ಒಳಗೆ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಬರುತ್ತದೆ. ಮೇಲೆ ಒಣ ಪ್ಲಾಸ್ಟಿಕ್, ಒಳಗೆ ಉರಿಯುವ ಅನಿಲ, ಹೊರಗೆ ಏಪ್ರಿಲ್ ಬಿಸಿಲು. ರಾಶಿಗೆ ಬೆಂಕಿ ಬೀಳಲು ಇಷ್ಟು ಸಾಕು. ದಾವಣಗೆರೆಗೆ ಇದು ಎರಡು ಪಟ್ಟು ಮುಖ್ಯ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದ ನಾಲ್ಕೇ ನಗರಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಮತ್ತು ದಾವಣಗೆರೆ. ಗಾಳಿ ಕೆಟ್ಟ ಊರುಗಳ ಪಟ್ಟಿ ಅದು. ಮಳೆಗಾಲಕ್ಕೆ ಇದೇ ರಾಶಿಯಿಂದ ಕಪ್ಪು ರಸ ಇಳಿದು ನೆಲದ ನೀರಿಗೆ ಸೇರುತ್ತದೆ.

ಮೂರನೆಯದು ಪಕ್ಕದ ಹಳ್ಳಿ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ಸಾಕು ಎಂದು ಎದ್ದು ನಿಂತಾಗ, 2012ರಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಕಸ ರಾಶಿ ಬಿದ್ದದ್ದು ಮರೆತಿಲ್ಲ. ಊರಿನ ಕಸ ಹೊತ್ತ ಯಾವ ಹಳ್ಳಿಗೂ ಕಾರಣ ಒಂದೇ: ನಾರುವ, ಉರಿಯುವ, ನೀರು ಕೆಡಿಸುವ ಬೆರಕೆ ಕಸ. ಆವರಗೊಳ್ಳದ ಕಡೆ ಹೋಗುವ ಗಾಡಿಯಲ್ಲಿ ಏನಿದೆ ಎಂಬುದು ಹಾಗಾಗಿ ಬರೀ ಪಾಲಿಕೆಯ ವಿಷಯ ಅಲ್ಲ.

ಸಿಮೆಂಟ್ ಫ್ಯಾಕ್ಟರಿ ಸುಡುತ್ತದೆಯಲ್ಲ, ಬೇರೆ ಯಾಕೆ?

ಹೊಸ ನಿಯಮದಲ್ಲಿ ಇನ್ನೊಂದು ಅಂಶ ಇದೆ. ಘನ ಇಂಧನ ಬಳಸುವ ಸಿಮೆಂಟ್ ಕಾರ್ಖಾನೆಯಂಥ ಉದ್ಯಮಗಳು ತಮ್ಮ ಇಂಧನದ ಒಂದು ಪಾಲಿಗೆ ಕಸದಿಂದ ಮಾಡಿದ ಇಂಧನವನ್ನು, ಅಂದರೆ ಆರ್‌ಡಿಎಫ್ ಬಳಸಬೇಕು. ಈ ಪಾಲು 5 ಶೇಕಡದಿಂದ ಶುರುವಾಗಿ ಆರು ವರ್ಷದಲ್ಲಿ 15 ಶೇಕಡಕ್ಕೆ ಏರಬೇಕು. ಹಾಗಾದರೆ ಎಲ್ಲಾ ಕಸವನ್ನೂ ಸುಟ್ಟರಾಯಿತು ಎಂದು ಕೆಲವರು ಹೇಳುತ್ತಾರೆ.

ಎರಡು ತೊಡಕಿವೆ. ಹಸಿ ಸೇರಿದ ಕಸ ಕುಲುಮೆಯಲ್ಲಿ ಸರಿಯಾಗಿ ಉರಿಯುವುದಿಲ್ಲ, ತನ್ನೊಳಗಿನ ನೀರನ್ನು ಕುದಿಸುವುದರಲ್ಲೇ ಶಾಖ ಕಳೆದುಕೊಳ್ಳುತ್ತದೆ. ಕಾರ್ಖಾನೆಯವರಿಗೆ ಬೇಕಾದದ್ದು ಮರುಬಳಕೆಗೆ ಬಾರದ ಒಣ ಪ್ಲಾಸ್ಟಿಕ್, ಬಟ್ಟೆ, ರಬ್ಬರ್. ಎರಡನೆಯದು ದೂರ. ರಾಜ್ಯದ ದೊಡ್ಡ ಸಿಮೆಂಟ್ ಕಾರ್ಖಾನೆಗಳು ಹೆಚ್ಚಾಗಿ ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಕಡೆ ಇವೆ. ದಾವಣಗೆರೆಯಿಂದ 300 ಕಿಲೋಮೀಟರಿಗೂ ಮೇಲೆ. ಹಗುರವಾದ ಸಾಮಾನನ್ನು ಅಷ್ಟು ದೂರ ಸಾಗಿಸಬೇಕಾದರೆ ಒತ್ತಿ ಗಟ್ಟಿ ಮೂಟೆ ಮಾಡಬೇಕು. ಒದ್ದೆ ಕಸವನ್ನು ಹಾಗೆ ಒತ್ತಿ ಕಟ್ಟಿದರೆ ಲಾರಿ ಹೊತ್ತೊಯ್ಯುವುದು ಬರೀ ನೀರು. ಇಲ್ಲೂ ಲೆಕ್ಕ ಮತ್ತೆ ಓಣಿಯ ಗಾಡಿಗೇ ಬಂದು ನಿಲ್ಲುತ್ತದೆ.

ಮುಂದಿನ ತಿಂಗಳುಗಳಲ್ಲಿ ಏನು ನೋಡಬೇಕು?

ಬುಟ್ಟಿ ಹಂಚುವ ಕಾರ್ಯಕ್ರಮ, ಫೋಟೊ, ಜಾಥಾ ಆಗಬಹುದು. ಅದರಿಂದ ಏನೂ ಗೊತ್ತಾಗುವುದಿಲ್ಲ. ಮುಂದಿನ ಟೆಂಡರ್ ಕಾಗದದಲ್ಲಿ ಗಾಡಿಯ ಅಳತೆ ಟನ್ನಿನಲ್ಲಿದೆಯೋ ಲೀಟರಿನಲ್ಲೋ ನೋಡಿ. ಹಣ ತೂಕಕ್ಕೋ ಮನೆಗೋ ನೋಡಿ. ಒಣ ಕಸಕ್ಕೆ ಬೇರೆ ದಿನ ಗೊತ್ತಾಗಿದೆಯೇ, ಆ ದಿನ ಬೇರೆ ಗಾಡಿ ಬರುತ್ತಿದೆಯೇ ನೋಡಿ. ವಾರ್ಡಿನ ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳಿವು, ಉತ್ತರ ಕೊಡುವುದಕ್ಕೆ ತಜ್ಞರು ಬೇಕಿಲ್ಲ. 45 ವಾರ್ಡಿಗೂ ಒಂದೇ ಸಲ ಮಾಡಬೇಕೆಂದೂ ಇಲ್ಲ. ನಾಲ್ಕೈದು ವಾರ್ಡಿನಲ್ಲಿ ಮೂರು ತಿಂಗಳು ನಡೆಸಿ, ಒಣ ಕಸದ ಗಾಡಿ ಎಷ್ಟನೇ ಮನೆಗೆ ತುಂಬುತ್ತದೆ ಎಂದು ಲೋಡರನ್ನೇ ಕೇಳಿ ಬರೆದುಕೊಂಡರೆ, ಉಳಿದ ನಲವತ್ತು ವಾರ್ಡಿಗೆ ಎಷ್ಟು ಗಾಡಿ ಬೇಕೆಂದು ಆ ಪುಸ್ತಕವೇ ಹೇಳುತ್ತದೆ.